ಅಡ್ಮಿನ್ ಇಲ್ಲದ ಗುಂಪು

ತಿಂಥಣಿ ಹತ್ರ ಹೊಳಿ ದಂಡಿಗೆ ನೆಟ್‌ವರ್ಕ್ ಸಿಗಂಗಿಲ್ಲ. ಡ್ಯಾಮಿನಿಂದ ನೀರು ಬಿಟ್ರ ಮೀನು ಹಿಡಿಯೋರಿಗೆ ಸುದ್ದಿ ಮುಟ್ಟಂಗಿಲ್ಲ. ಅದಕ್ಕ ನಾನು ಅವರ ಫೋನಿಗೆ ಒಂದು ಆ್ಯಪ್ ಹಾಕಾಕತ್ತಿದ್ದೆ. ಅದಕ್ಕ ಟವರ್ ಬೇಕಿಲ್ಲ, ಹತ್ತಿರದ ಫೋನಿನಿಂದ ಫೋನಿಗೆ ಸುದ್ದಿ ತಾನಾಗೇ ದಾಟ್ಕೊಂತ ಹೋಗ್ತದ.

ಅದನ್ನ ನೋಡಾಕ ತಾಲೂಕು ಆಫೀಸಿನಿಂದ ಬಂದ ಸಾಹೇಬ್ರು ತಮ್ಮ ಫೋನಿಗೂ ಹಾಕಿಸ್ಕೊಂಡ್ರು. ಆಮ್ಯಾಲೆ, "ಈ ಗುಂಪಿನ ಅಡ್ಮಿನ್ ಯಾರು?" ಅಂದ್ರು.

"ಯಾರೂ ಇಲ್ರಿ. ಎಲ್ಲಾರೂ ಕಳಿಸ್ತಾರ, ಎಲ್ಲಾರೂ ದಾಟಿಸ್ತಾರ."

"ಹಂಗ ನಡಿಯಂಗಿಲ್ಲ. ಪ್ರತಿ ಮೆಸೇಜಿಗೂ ನನ್ನ ಪರ್ಮಿಷನ್ ಬೇಕು. ಪರ್ಮಿಷನ್ ಇಲ್ದ ದಾಟಿಸಿದವರ ಪಟ್ಟಿ ಮಾಡಿ ಕೊಡ್ರಿ."

ಮೀನಿನ ಬಲಿ ಬಿಡಿಸಾಕತ್ತಿದ್ದ ದುರುಗಮ್ಮ ತಲಿ ಸುದ್ದಾ ಎತ್ತಲಿಲ್ಲ. "ಹೊಳಿ ಬರೋಮುಂದ ನಿಮ್ಮ ಪರ್ಮಿಷನ್ ಕೇಳ್ತದೇನ್ರಿ ಸಾಹೇಬ್ರ? ನಾವು ಕೇಳಂಗಿಲ್ಲ."

ಅಷ್ಟರಾಗ ಸಾಹೇಬ್ರ ಫೋನ್ ಗುರ್ ಅಂತು. ಮ್ಯಾಲಿನ ದಂಡಿಯಿಂದ ದುರುಗಮ್ಮನ ಗಂಡ ಕಳಿಸಿದ್ದ: 'ನೀರು ಬಿಟ್ಟಾರ, ಲಗೂನ ಮ್ಯಾಲೆ ಹತ್ರಿ.' ಎಲ್ಲಾರಿಗಿಂತ ಮೊದಲ ಹತ್ತಿದವರು ಸಾಹೇಬ್ರು. ಕೆಳಗ ತೆಪ್ಪದಾಗ ಇದ್ದವರಿಗೆ ಸುದ್ದಿ ದಾಟಿದ್ದೂ ಅವರ ಫೋನಿನಿಂದಾನ ಅಂತ ಆ್ಯಪ್ ತೋರಿಸ್ತು. ತೆಪ್ಪದವರು ಎಲ್ಲಾರೂ ದಂಡಿ ಸೇರಿದ್ರು.

ಸಂಜೀಕ, ಪರ್ಮಿಷನ್ ಇಲ್ದ ದಾಟಿಸಿದವರ ಪಟ್ಟಿ ಬರದು ಕೊಟ್ಟೆ. ಮೊದಲನೇ ಹೆಸರು ಸಾಹೇಬ್ರದ.