ಮಾವ ನೀರಿಳಿಸಿದ್ದು

ನನ್ನ ಮಾವ, ಎಂದರೆ ಗಂಡನ ತಂದೆ, ಹೊಳೆ ಪಕ್ಕದ ಮರಳು-ಜಲ್ಲಿ ಗಣಿಯಲ್ಲಿ ಪಂಪು ನೋಡಿಕೊಳ್ಳುವವರು. ನಮ್ಮ ಬಾಯಲ್ಲಿ ಅದು ಬರೀ ಗುಂಡಿ. ಅಗೆದಷ್ಟೂ ಹೊಳೆಯ ನೀರು ಮರಳಿನೊಳಗಿಂದ ಒಸರಿ ತಳದಲ್ಲಿ ನಿಲ್ಲುತ್ತಿತ್ತು. ಅದನ್ನು ಎತ್ತಿ ಹೊರಗೆ ಹಾಕುವುದರಲ್ಲೇ ಅವರ ತಲೆಗೂದಲು ಬೆಳ್ಳಗಾಯಿತು. ಪಂಪಿನ ಸದ್ದು ಒಂಚೂರು ಬದಲಾದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದರು. ಹೆಂಡತಿ ಕಿವಿ ಹತ್ತಿರ ಕೂಗಿದರೂ ಏಳದ ಮನುಷ್ಯ ಎಂದು ಅತ್ತೆ ಇರುವ ತನಕ ಹಂಗಿಸುತ್ತಿದ್ದರು.

ಗುಂಡಿಯಲ್ಲಿ ಜಲ್ಲಿ ಮುಗಿದ ಮೇಲೆ ಅದನ್ನು ಕೆರೆ ಮಾಡುವುದೆಂದು ಮೊದಲೇ ನಕ್ಷೆಯಾಗಿತ್ತು. ಗೋಡೆಯ ಹಾಗೆ ನೆಟ್ಟಗೆ ನಿಂತ ದಂಡೆಗಳನ್ನು ಡೋಜರಿನಿಂದ ಸವರಿ ಇಳಿಜಾರು ಮಾಡಬೇಕು, ತೆಗೆದಿಟ್ಟ ಮೇಲ್ಮಣ್ಣು ಹರಡಿ ಹುಲ್ಲು ಹಾಕಬೇಕು, ಆಮೇಲೆ ಪಂಪು ನಿಲ್ಲಿಸಿ ನೀರು ತುಂಬಲು ಬಿಡಬೇಕು. ಮೂರು ಕಡೆ ಹಾಗೆಯೇ ಆಯಿತು. ನಾಲ್ಕನೆಯ ಕಡೆ ನಮ್ಮ ಸಾಲುಮನೆಗಳಿದ್ದವು. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿ ದಾಟಿದರೆ ಪಾತಾಳ. ಅಲ್ಲಿ ಸವರುವ ಮೊದಲೇ ಆಫೀಸಿನವರು ಡೀಸೆಲ್ ಉಳಿಸಲು ಪಂಪು ನಿಲ್ಲಿಸಿಬಿಟ್ಟರು. ನೀರು ದಂಡೆಯ ಅರ್ಧದವರೆಗೆ ಏರಿತು.

ಅದೇ ಹೊತ್ತಿಗೆ ನನ್ನ ಮಗಳು ಗೋಡೆ ಬಿಟ್ಟು ನಡೆಯತೊಡಗಿದಳು. ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗಿಲ್ಲ. ನಾನು ಹಳೆ ಸೀರೆಯ ಒಂದು ತುದಿಯನ್ನು ಅವಳ ಸೊಂಟಕ್ಕೂ ಇನ್ನೊಂದನ್ನು ಮಂಚದ ಕಾಲಿಗೂ ಕಟ್ಟಿ ಅಡುಗೆ ಮಾಡುತ್ತಿದ್ದೆ. ಮಾವ ಅದನ್ನು ನೋಡಿದವರೇ ಗಂಟು ಬಿಚ್ಚಿ, ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟರು.

ಅಲ್ಲೇನಾಯಿತೆಂದು ನನಗೆ ಹೇಳಿದ್ದು ಮೀಸೆ. ಡೋಜರ್ ಓಡಿಸುವವನು, ಮಾವನ ಟೀ ಜೊತೆಗಾರ. ಅವನ ನಿಜ ಹೆಸರು ಹಾಜರಿಯವನಿಗೂ ನೆನಪಿರಲಿಲ್ಲ. "ನಿಮ್ಮ ಮಾವ ಬೆಳಿಗ್ಗೆ ಕುರ್ಚಿ ಹಿಡಿದ್ರೆ ಸಂಜೆ ತನಕ ಏಳ್ತಿರ್ಲಿಲ್ಲಮ್ಮ. ಕೊನೆಗೆ ಕುರ್ಚಿ ವಾಪಸ್ ಸಿಕ್ಕಿದ್ರೆ ಸಾಕು ಅಂತ ಒಪ್ಪಿಕೊಂಡ್ರು" ಎಂದು ನಕ್ಕ. ಮಾವ ನೀರಿಳಿಸುವುದು, ಮೀಸೆ ನಮ್ಮ ಕಡೆಯ ದಂಡೆಯ ಬುಡ ಸವರುವುದು ಎಂದಾಯಿತು.

ಆಫೀಸಿನ ಎಂಜಿನಿಯರ್ ಹುಡುಗಿ ಮನೆಗೇ ಬಂದು ಒಂದು ಮಾತು ಹೇಳಿದಳು. ದಂಡೆ ಒಳಗೆಲ್ಲ ನೀರು ಕುಡಿದು ಭಾರವಾಗಿದೆ, ಈಗ ಅದಕ್ಕೆ ಒರಗು ಕೊಟ್ಟಿರುವುದು ಹೊರಗಿನ ನೀರೇ. ದಿನಕ್ಕೆ ಒಂದು ಗೇಣು ಮಾತ್ರ ಇಳಿಸಿ, ದಂಡೆ ಸೋರಿ ಹಗುರಾಗಲಿ ಎಂದಳು. ಮಾವ ಸ್ಟೂಲು ಕೊಟ್ಟು ಕೂರಿಸಿ, ತಲೆಯಾಡಿಸುತ್ತ ಕೇಳಿದರು. ಅವಳು ಗೇಟು ದಾಟಿದ ಮೇಲೆ, "ನೀರು ದಂಡೆ ಕೆಡವೋದು ನೋಡಿದೀನಿ. ಹಿಡ್ಕೊಳ್ಳೋದನ್ನ ಇವತ್ತೇ ಕೇಳಿದ್ದು" ಎಂದರು. ಅಷ್ಟು ವರ್ಷ ನೀರಿನ ಜೊತೆ ಹೊಡೆದಾಡಿದವರಿಗೆ ಅದು ಒಳ್ಳೆಯದನ್ನೂ ಮಾಡೀತೆಂದು ನಂಬಲಾಗಲಿಲ್ಲ. ಜೊತೆಗೆ ಮೊಮ್ಮಗಳು ಆಗಲೇ ಓಡುತ್ತಿದ್ದಳು.

ಅವರು ಎರಡೂ ಪಂಪು ಹಾಕಿದರು.

ನೀರು ನೋಡನೋಡುತ್ತ ಇಳಿಯಿತು. ಒದ್ದೆ ದಂಡೆ ಕಪ್ಪಗೆ ಹೊಳೆಯುತ್ತ ಮೇಲೆದ್ದಿತು. ಬುಡದಲ್ಲಿ ನೆಲ ಕಂಡ ಕೂಡಲೇ ಮೀಸೆ ಪಕ್ಕದ ದಾರಿಯಿಂದ ಡೋಜರ್ ಇಳಿಸಿದ. ನಾನು ಒಳಗೆ ಮಗಳಿಗೆ ಉಣಿಸುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಸುಸ್ತಾದವರು ಕುಕ್ಕರಿಸಿದ ಹಾಗೆ ದಂಡೆ ಕೂತಿತು. ಅಡುಗೆಮನೆಯ ಗೋಡೆ ಬಾಯಿಬಿಟ್ಟಿತು. ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದೆ. ಹಿತ್ತಿಲ ತಂತಿ ಬಟ್ಟೆಗಳ ಸಮೇತ ಹೋಗಿತ್ತು. ಕೆಳಗೆ ಮಣ್ಣು ಡೋಜರನ್ನು ತಳ್ಳಿಕೊಂಡು ಹೋಗಿ ನಡುವಿನ ಆಳಕ್ಕೆ ಹಾಕಿತ್ತು. ನೀರಿನ ಮೇಲೆ ಡೀಸೆಲ್ಲಿನ ಬಣ್ಣ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮುಳುಗಿ ಹುಡುಕುವವರು ಎರಡು ಸಲ ಇಳಿದು ನೋಡಿದರು. ಕೆಸರಿನಲ್ಲಿ ಕಣ್ಣಿಗೆ ಕೈ ಕಾಣುವುದಿಲ್ಲ ಎಂದು ಹತ್ತಿ ಬಂದರು. ಮೀಸೆಯನ್ನು ಹೊರತೆಗೆಯಬೇಕಾದರೆ ಮತ್ತೆ ನೀರಿಳಿಸಲೇಬೇಕು. ಆ ಪಂಪುಗಳನ್ನು ಬಲ್ಲವರು ಮಾವ ಒಬ್ಬರೇ.

ಈ ಸಲ ಎಂಜಿನಿಯರ್ ಹುಡುಗಿ ಗುರುತು ಹಾಕಿದ ಕೋಲು ನೆಟ್ಟು ಪಕ್ಕದಲ್ಲೇ ನಿಂತಳು. ಒಂದು ಪಂಪು ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು. ಸಾಲುಮನೆಯವರನ್ನೆಲ್ಲ ಆಫೀಸಿನ ಶೆಡ್ಡಿಗೆ ಸಾಗಿಸಿದ್ದರು. ಅಲ್ಲಿಂದ ನಾನು ಊಟ ಕಟ್ಟಿಕೊಂಡು, ಮಗಳನ್ನು ಕಂಕುಳಲ್ಲಿ ಹೊತ್ತು ಪಂಪಿನ ಮನೆಗೆ ಹೋಗುತ್ತಿದ್ದೆ. ಮೀಸೆಯ ಹೆಂಡತಿ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿ ಕೂತಿರುತ್ತಿದ್ದಳು. ದಂಡೆ ತಾನಾಗಿ ಕುಸಿಯಿತು, ಯಾರ ತಪ್ಪೂ ಇಲ್ಲ ಎಂದು ಆಫೀಸಿನವರು ಅವಳಿಗೆ ಹೇಳಿದ್ದರು. ಒಂದು ಮಧ್ಯಾಹ್ನ, ಪಂಪು ನಿಂತಿದ್ದಾಗ, ಅವಳು ಮಾವನನ್ನು ಕೇಳಿದಳು:

"ಅಣ್ಣಾ, ಇನ್ನೊಂದು ಪಂಪೂ ಹಾಕಬಾರ್ದಾ? ಅವರು ಅಲ್ಲೇ ಇದಾರಲ್ಲ."

ಮಾವ ಕೈಯ ಎಣ್ಣೆ ಒರೆಸಿಕೊಂಡರು. "ಬೇಡ ತಾಯಿ. ಅವತ್ತು ನಾನು ಎರಡೂ ಹಾಕಿದ್ದೆ. ಎಂಜಿನಿಯರಮ್ಮ ನಿಧಾನ ಮಾಡಿ ಅಂದಿದ್ರು, ನಾನು ಕೇಳ್ಲಿಲ್ಲ. ಅದಕ್ಕೇ ದಂಡೆ ಬಿದ್ದಿದ್ದು."

ಅವಳು ಪಂಪಿನ ಕಡೆ ತಿರುಗಿ ಕೇಳಿದಳು:

"ನಿಧಾನ ಮಾಡಿ ಅಂದಿದ್ದು ನಮ್ಮವರಿಗೆ ಗೊತ್ತಿತ್ತಾ?"

"ಇಲ್ಲ. ನಾನು ಹೇಳಿರ್ಲಿಲ್ಲ."

ನಾನು ಮುಂದಿಟ್ಟ ಅನ್ನವನ್ನು ಅವಳು ಪಕ್ಕಕ್ಕೆ ಸರಿಸಿದಳು. ಬಕೆಟ್ ಎತ್ತಿಕೊಂಡು, ಗುಂಡಿ ಸುತ್ತಿ, ಆಚೆ ದಂಡೆಯ ಹೊಸ ಹುಲ್ಲಿನ ಮೇಲೆ ಇಟ್ಟು, ನೀರಿನ ಕಡೆ ಮುಖ ಮಾಡಿ ಕೂತಳು. ಮಾವ ಕೋಲಿನ ಗುರುತು ನೋಡಿ ಬಂದರು. ದಂಡೆ ಇನ್ನೂ ಸೋರುತ್ತಿದೆ ಎಂದರು. ಸ್ವಿಚ್ಚಿನ ಹತ್ತಿರ ನಿಂತೇ ಇದ್ದರು, ಮುಟ್ಟಲಿಲ್ಲ.