ಸೀರೆಯ ಜೊತೆ ಬಂದ ಪತ್ರ

ಪುಟ್ಟೇನಹಳ್ಳಿಯಲ್ಲಿ ಅಪ್ಪ ಬಿಟ್ಟುಹೋದ ಜಾಗದಲ್ಲಿ ನನಗೆ ಪಾಲು ಬೇಡವೆಂದು ಬರೆಸಿದ್ದ ಪತ್ರವನ್ನು ಹೋದ ವರ್ಷ ಅಣ್ಣ ನಮ್ಮ ಮನೆಗೆ ತಂದ. ತಟ್ಟೆಯಲ್ಲಿ ರೇಷ್ಮೆ ಸೀರೆ, ಅರಿಶಿನ ಕುಂಕುಮ, ಅದರ ಪಕ್ಕದಲ್ಲೇ ನನ್ನ ಸಹಿಗೆಂದು ಪತ್ರ, ಪೆನ್ನು. ನಾನು ಸೀರೆಯನ್ನೂ ಮುಟ್ಟಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

“ನೋಡಿ ಸಾರ್, ಎಷ್ಟು ಡಿಫೈಯಂಟ್ ಆಗ್ಬಿಟ್ಟಿದ್ದಾಳೆ!” ಎಂದು ಅಣ್ಣ ಜೊತೆಗೆ ಬಂದಿದ್ದ ವಕೀಲರಿಗೆ ದೂರಿದ.

“ಹಾಗಂದ್ರೇನು ಸಾರ್?” ಎಂದು ಅವರನ್ನೇ ಕೇಳಿದೆ.

ವಕೀಲರು ಮುಜುಗರದಿಂದ, “ಹೇಳಿದ ಮಾತನ್ನ ಬೇಕೂಂತಲೇ ಕೇಳದೇ ಇರೋರಿಗೆ ಹಾಗಂತಾರೆ ಕಣಮ್ಮ,” ಎಂದರು.

ಇಬ್ಬರನ್ನೂ ಓದಿಸೋಕಾಗಲ್ಲ ಎಂದು ಅಪ್ಪ ಹೇಳಿದಾಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಂದು ನಾನು ತುಟಿಪಿಟಕ್ಕೆನ್ನದೆ ಮಾತು ಕೇಳಿದ್ದರಿಂದಲೇ ಅಣ್ಣ ಆ ಇಂಗ್ಲಿಷ್ ಕಲಿತದ್ದು.