ಪೆನ್ಸಿಲ್ ಗೆರೆಯ ಅಂಕಲ್

ಅವರ ಬಲಗೈಯ ಮೂರು ಬೆರಳು ಯಾವಾಗಲೂ ಪೆನ್ಸಿಲ್ ಪುಡಿ ಮೆತ್ತಿ ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ನಾನು ಕೊಟ್ಟ ತಟ್ಟೆ, ಬಾಗಿಲು, ಮೇಲ್‌ಬಾಕ್ಸು, ಎಲ್ಲೆಲ್ಲೂ ಅದೇ ಗುರುತು. ಒರೆಸಿ ಒರೆಸಿ ನನಗೆ ಸಾಕಾಗಿತ್ತು. ವಾಷಿಂಗ್ಟನ್ ಪಕ್ಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮೇಲಿನ ಮನೆ ಅವರದು. ಧಾರವಾಡದ ಕಡೆಯವರು, ಒಂಟಿ ಜೀವ. ವಾಷಿಂಗ್ಟನ್ನಿನಲ್ಲಿ ದೇಶಗಳ ಗಡಿ ಜಗಳ ಬಿಡಿಸುವ ಮಧ್ಯಸ್ಥರ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಕಂಪ್ಯೂಟರ್ ಬಂದರೂ ಕೈಯಲ್ಲೇ ಬರೆಯುವ ಹಟ. "ಪೆನ್ಸಿಲ್ ಗೆರಿ ಅಳಸಬಹುದು ತಂಗಿ, ಇಂಕು ಹಚ್ಚಬೇಕಂದ್ರ ಎರಡೂ ದೇಶದವರು ಒಪ್ಪಬೇಕು" ಅಂತ ನೂರು ಸಲ ಹೇಳಿದ್ದರು.

ಅದೊಂದು ಬಿಟ್ಟರೆ ಕಚೇರಿಯ ಒಂದು ಮಾತೂ ಅವರ ಬಾಯಿಂದ ಬೀಳುತ್ತಿರಲಿಲ್ಲ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ನಮಗೂ ಪಕ್ಕದ ದೇಶಕ್ಕೂ ಗಡಿಯ ಬೆಟ್ಟಗಳಲ್ಲಿ ಕಾಳಗ ನಡೆದಿತ್ತು. ಸೈನ್ಯದಲ್ಲಿದ್ದ ನನ್ನ ತಮ್ಮ ಅಲ್ಲಿದ್ದ. ಮೂರು ವಾರದಿಂದ ಸುದ್ದಿಯಿಲ್ಲ. ಮಧ್ಯಸ್ಥಿಕೆ ಬೇಡವೆಂದು ನಮ್ಮವರು ಹೇಳುತ್ತಿದ್ದರೂ ವಾಷಿಂಗ್ಟನ್ನಿನಲ್ಲಿ ಏನೋ ಮಾತು ನಡೆದಿತ್ತು. ಅಂಕಲ್ ರಜೆಯ ದಿನವೂ ಆಫೀಸಿಗೆ ಓಡುವುದನ್ನು ನೋಡಿ, ಸೈನ್ಯ ಹಿಂದೆ ಸರಿಯುವ ನಕ್ಷೆ ಇವರ ಕೈಯಲ್ಲೇ ಇದೆ ಅಂತ ನನಗೆ ಖಾತ್ರಿಯಾಯಿತು. ದಿನಾ ಸಂಜೆ ಮೆಟ್ಟಿಲು ಹತ್ತಿ, ಯುದ್ಧ ನಿಲ್ಲುತ್ತದೋ ಇಲ್ಲವೋ, ಅಷ್ಟು ಹೇಳಿ ಸಾಕು ಅಂತ ಪೀಡಿಸುತ್ತಿದ್ದೆ. ಆಫೀಸಿನ ಮಾತು ಹೊರಗೆ ಹೇಳುವ ಹಾಗಿಲ್ಲ ಅಂದು ಚಹಾಕ್ಕೆ ನೀರಿಡುತ್ತಿದ್ದರು. ಅಬ್ಬಬ್ಬಾ, ಆ ಚಹಾವೋ ಬರೀ ಸಕ್ಕರೆ ಪಾಕ!

ಒಂದು ದಿನ ತಡೆಯಲಾಗಲಿಲ್ಲ. "ನೀವು ಮನುಷ್ಯರೋ ಕಲ್ಲೋ, ಅಂಕಲ್? ಅಲ್ಲಿರೋದು ನನ್ನ ತಮ್ಮ" ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ಲೋಟ ತೊಳೆಯುತ್ತ ನಿಂತರು. ಆಮೇಲೆ ಮೇಲೆ ಹೋಗುವುದನ್ನೇ ಬಿಟ್ಟೆ.

ಒಂದು ಭಾನುವಾರ ಸಂಜೆ ಅವರೇ ಕೆಳಗಿಳಿದು ಬಂದರು. ಕೈಯಲ್ಲಿ ಖಡಕ್ ರೊಟ್ಟಿಯ ಡಬ್ಬಿ.

"ಇವತ್ತರ ಹೊಟ್ಟಿ ತುಂಬ ಉಣ್ಣವಾ" ಅಂದರು.

ಮುಖ ಗಂಟಿಕ್ಕಿಕೊಂಡೇ ಡಬ್ಬಿಗೆ ಕೈ ಚಾಚಿದೆ. ಪುಣ್ಯಾತ್ಮ ಬಿಡಲೇ ಇಲ್ಲ, ನಾನು ಅವರ ಕೈ ನೋಡುವ ತನಕ ಹಿಡಿದೇ ನಿಂತರು. ಮೂರೂ ಬೆರಳಿಗೆ ಕಪ್ಪು ಇಂಕು ಮೆತ್ತಿತ್ತು.

ಅಲ್ಲೇ ಕೂತು ಅತ್ತೆ. ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು ಅವರು ಮೆಟ್ಟಿಲು ಹತ್ತಿದರು.

ತಮ್ಮ ಬದುಕಿ ಬಂದ. ಕಲ್ಲು ಅಂದದ್ದಕ್ಕೆ ಕ್ಷಮೆ ಕೇಳಲು ಹೋದಾಗಲೆಲ್ಲ ಅಂಕಲ್ ಆ ಪಾಕದಂಥ ಚಹಾ ಕೊಟ್ಟು ಮಾತು ಮರೆಸುತ್ತಿದ್ದರು. ಮರುವರ್ಷ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ ನರ್ಸು ಅವರ ಕೈಗಳನ್ನು ಚೊಕ್ಕಟವಾಗಿ ತೊಳೆದಿಟ್ಟಿದ್ದಳು. ಆ ಬೆಳ್ಳಗಿನ ಬೆರಳುಗಳು ಯಾರವೆಂದೇ ನನಗೆ ಗುರುತು ಹತ್ತಲಿಲ್ಲ.